ಆಟದ ಹೆಸರಿಗೆ ಎಂಥ ಅಕ್ಷರ?

ಶರಾವತಿ ಕಣಿವೆಯನ್ನು ಹಿನ್ನೆಲೆಯಾಗಿಟ್ಟುಕೊಂಡು ಯಾರಾದರೂ ಒಂದು ವಿಡಿಯೋ ಗೇಮ್ ರಚಿಸಿದರೆಂದು ಊಹಿಸಿಕೊಳ್ಳಿ. ಅದಕ್ಕೆ ‘ಜೋಗ’ ಎಂದೇ ಹೆಸರಿಟ್ಟಾರು. ಆಟ ತೆರೆದೊಡನೆ ಕಾಣುವ ಪರದೆಯಲ್ಲಿ ಈ ಎರಡಕ್ಷರಗಳನ್ನು ಯಾವ ಶೈಲಿಯಲ್ಲಿ ಬರೆಯಬೇಕು? ಥಟ್ಟನೆ ಹೊಳೆಯುವ ಉಪಾಯವೆಂದರೆ ತಲೆಕಟ್ಟಿನಿಂದಲೂ ಅಕ್ಷರದ ಬುಡದಿಂದಲೂ ನೀರು ತೊಟ್ಟಿಕ್ಕುವಂತೆ ಬರೆದು, ಹಿಂದೆ ಜಲಪಾತದ ಚಿತ್ರವನ್ನಿಡುವುದು. ಈ ಉಪಾಯ ಕನ್ನಡಕ್ಕೆ ಒಗ್ಗುವುದಿಲ್ಲ ಎಂಬುದು ನನ್ನ ವಾದ.

ಇಂಗ್ಲಿಷ್ ದೊಡ್ಡಕ್ಷರಗಳ ಕೆಳಗಿನ ಜಾಗ ಬಹುಮಟ್ಟಿಗೆ ಖಾಲಿ. ಅಲ್ಲಿ ರಕ್ತ ಸುರಿಸಿ, ಬೇರು ಇಳಿಬಿಡಿ, ಅಕ್ಷರ ಬದಲಾಗದು. ನಮ್ಮಲ್ಲಿ ಹಾಗಲ್ಲ. ಕೆಳಗಿನ ಜಾಗ ಒತ್ತಕ್ಷರದ್ದು. ‘ಗ’ದ ಬುಡದಿಂದ ಇಳಿದ ಹನಿ ಎಡಕ್ಕೆ ಕೊಂಚ ಬಾಗಿದರೆ ಸಾಕು, ‘ಗ್ರ’ ಇರಬಹುದೇ ಎಂದು ಕಣ್ಣು ತಡವರಿಸುತ್ತದೆ. ಮೇಲಿನ ಜಾಗವೂ ಬಿಡುವಾಗಿಲ್ಲ: ಗ, ಗಿ, ಗೆ, ಗ್ ಇವುಗಳ ವ್ಯತ್ಯಾಸವೆಲ್ಲ ತಲೆಯಲ್ಲೇ ಇದೆ. ಬಲಕ್ಕೆ ಕೊಂಬು, ದೀರ್ಘ, ಅರ್ಕಾವೊತ್ತು. ಹೀಗೆ ಮೂರು ಕಡೆಯೂ ಅರ್ಥಕ್ಕೆ ಮೀಸಲಾಗಿರುವಾಗ ಅಲಂಕಾರಕ್ಕೆ ಉಳಿಯುವುದು ಗೆರೆಯ ದಪ್ಪ, ಅಗಲ, ಬಣ್ಣ ಮತ್ತು ಮೈವಳಿಕೆ ಮಾತ್ರ. ಅದೇನೂ ಕಡಿಮೆಯಲ್ಲ.

ಇನ್ನು ಭೌತಶಾಸ್ತ್ರದವನಾಗಿ ಒಂದು ತಕರಾರು. ಜೋಗದಲ್ಲಿ ನೀರು ಜೇನಿನಂತೆ ತೊಟ್ಟಿಕ್ಕುತ್ತದೆಯೇ? 253 ಮೀಟರ್ ಆಳಕ್ಕೆ ಬೀಳುವ ರಾಜ, ರಾಣಿ, ರೋರರ್, ರಾಕೆಟ್‌ಗಳ ನೀರು ಗಾಳಿಯಲ್ಲಿ ಸೀಳಿ, ತುಂತುರಾಗಿ ಹಾರುತ್ತದೆ. ತೊಟ್ಟಿಕ್ಕುವ ಶೈಲಿ ಮಂದ ದ್ರವದ್ದು, ಭಯಾನಕ ಸಿನಿಮಾದ ಪೋಸ್ಟರಿನದ್ದು. ಬಿಳಿ ನೊರೆಯ ಮೇಲೆ ಬಿಳಿ ಅಕ್ಷರವನ್ನಿಟ್ಟರೆ ಓದಿಸುವ ವ್ಯತ್ಯಾಸವೇ ಉಳಿಯದು. ಜಲಪಾತದ ಪಕ್ಕದ ಕಪ್ಪು ಬಂಡೆ ಇದಕ್ಕಿಂತ ಒಳ್ಳೆಯ ಹಲಗೆ. ಆದರೆ ಕಪ್ಪಿನ ಮೇಲಿನ ಬಿಳಿ ಗೆರೆ, ಕಣ್ಣಿನೊಳಗೆ ಬೆಳಕು ಚದರುವುದರಿಂದ, ಇರುವುದಕ್ಕಿಂತ ದಪ್ಪವಾಗಿ ತೋರುತ್ತದೆ. ಅಕ್ಷರದ ಒಳಗಿನ ಸಂದುಗಳು ಕಿರಿದಾಗುತ್ತವೆ.

ಕನ್ನಡದ ಭೇದಗಳು ಅಡಗಿರುವುದು ಇಂಥ ಸಂದುಗಳಲ್ಲೇ. ‘ಪ’ ಮತ್ತು ನಾವು ಶಾಲೆಯಲ್ಲಿ ‘ಹೊಟ್ಟೆ ಸೀಳಿದ ಷ’ ಎಂದು ಕಲಿತ ಅಕ್ಷರದ ನಡುವೆ ಇರುವುದು ಒಂದು ಗೀಟು. ‘ರ’ ಮತ್ತು ‘ಠ’ಗಳ ನಡುವೆ ಒಂದು ಚುಕ್ಕೆ. ನಮ್ಮ ಕಣ್ಣಿನ ವಿಭೇದನ ಸಾಮರ್ಥ್ಯ ಸುಮಾರು 1 ಕೋನೀಯ ನಿಮಿಷ, ಅಂದರೆ 0.00029 ರೇಡಿಯನ್. 3 ಮೀಟರ್ ದೂರದಿಂದ ಟಿವಿ ನೋಡುವವರಿಗೆ ಇದು ಸುಮಾರು 0.9 ಮಿಲಿಮೀಟರ್. 32 ಇಂಚಿನ ಪರದೆ ಸುಮಾರು 71 ಸೆಂಟಿಮೀಟರ್ ಅಗಲವಿದ್ದು, ಅದರಲ್ಲಿ 1920 ಪಿಕ್ಸೆಲ್‌ಗಳಿದ್ದರೆ ಒಂದೊಂದರ ಅಗಲ 0.37 ಮಿಲಿಮೀಟರ್. ಆದ್ದರಿಂದ 3 ಪಿಕ್ಸೆಲ್‌ಗಿಂತ ಕಿರಿದಾದ ಸಂದು ಇದ್ದೂ ಇಲ್ಲದಂತೆ. ಇದೇ ಶೀರ್ಷಿಕೆ ಫೋನಿನ ಪಟ್ಟಿಯಲ್ಲಿ ಕಿರುಚಿತ್ರವಾಗುತ್ತದೆ. 960 ಪಿಕ್ಸೆಲ್ ಅಗಲದ ಬರಹ 80ಕ್ಕೆ ಕುಗ್ಗಿದಾಗ 12 ಪಿಕ್ಸೆಲ್‌ನ ಸಂದಿಗೆ ಉಳಿಯುವುದು ಒಂದೇ ಒಂದು.

ಹಾಗಾದರೆ ಸಿದ್ಧ ಫಾಂಟ್‌ಗಳು? ತೀರ್ಥಹಳ್ಳಿಯ ಮಗ್ಗುಲಲ್ಲೇ ಹರಿಯುವ ಹೊಳೆಯ ಹೆಸರು ಹೊತ್ತ ‘ತುಂಗಾ’ 2001ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ಬಂದು ಕಂಪ್ಯೂಟರಿನಲ್ಲಿ ಕನ್ನಡ ಯೂನಿಕೋಡ್ ಓದುವುದನ್ನು ಸುಲಭಗೊಳಿಸಿತು. ಆದರೆ ಸಾಲುಸಾಲು ಓದಲೆಂದು ಮಾಡಿದ ತೆಳುಗೆರೆಯ ಅಕ್ಷರವನ್ನು ಹಿಗ್ಗಿಸಿ ಶೀರ್ಷಿಕೆಗೆ ಇಟ್ಟರೆ ಅದು ಸೊರಗಿ ಕಾಣುತ್ತದೆ. ಏಕ್ ಟೈಪ್ ಸಂಸ್ಥೆಯ ‘ಬಾಲೂ ತಮ್ಮ’ ದಪ್ಪಗೆ, ದುಂಡಗೆ, ಮಕ್ಕಳ ಆಟಕ್ಕೆ ಹೇಳಿ ಮಾಡಿಸಿದಂತಿದೆ. ಬಿದನೂರಿನ ಮುತ್ತಿಗೆಯ ಕಥೆಗೆ ಮಾತ್ರ ಬೇಡ. ಅವರದೇ ‘ಅನೇಕ್ ಕನ್ನಡ’ದಲ್ಲಿ ದಪ್ಪ, ಅಗಲ ಎರಡನ್ನೂ ಬೇಕಾದಂತೆ ಹೊಂದಿಸಬಹುದು. ನಾನಾದರೆ ಅಲ್ಲಿಂದ ಆರಂಭಿಸಿ, ಕೈಯಿಂದ ತಿದ್ದುತ್ತೇನೆ.

ಗೇಮ್ ಎಂಜಿನ್‌ಗಳಲ್ಲಿ ಒತ್ತಕ್ಷರ ಒಡೆದುಹೋಗುತ್ತದೆ ಎಂಬ ದೂರು ನಿಜವೇ. ಗೋಡೋ ಎಂಜಿನ್‌ನಲ್ಲಿ ಇಂಥ ಲಿಪಿಗಳಿಗೆ ಸರಿಯಾದ ಜೋಡಣೆ ಬಂದದ್ದು 2023ರ 4ನೇ ಆವೃತ್ತಿಯಲ್ಲಿ. ಆದರೆ ಶೀರ್ಷಿಕೆಯನ್ನು ಚಿತ್ರವಾಗಿಯೇ ಕೂಡಿಸಬಹುದಾದ್ದರಿಂದ ಅಲ್ಲಿ ಈ ನೆಪ ಸಲ್ಲದು.

ಪರಲಿಪಿಯ ವೇಷವೂ ಬೇಡ. 1980ರ ದಶಕದಲ್ಲಿ ‘ಟೆಟ್ರಿಸ್’ ಆಟವನ್ನು ಅಮೆರಿಕದಲ್ಲಿ ಮಾರಿದವರು ರಷ್ಯದ ಕಳೆ ತರಲೆಂದು ‘ರ್’ ಜಾಗದಲ್ಲಿ ರಷ್ಯನ್ನರ ‘ಯಾ’ ಅಕ್ಷರವನ್ನು ಕೂರಿಸಿದರು. ರಷ್ಯನ್ ಬಲ್ಲವರಿಗೆ ಅದು ಬರೀ ತಪ್ಪಕ್ಷರ. ಇಂಗ್ಲಿಷ್ ಅಕ್ಷರಕ್ಕೆ ತಲೆಕಟ್ಟು ಹೊಲಿದು ‘ಕನ್ನಡದ ಸೊಗಡು’ ಎನ್ನುವವರು ಇದನ್ನು ನೆನೆಯಬೇಕು.

ಶೈಲಿಯನ್ನು ಪರೀಕ್ಷಿಸಲು ‘ಜೋಗ’ ತೀರ ಸುಲಭದ ಪದ, ಒತ್ತೇ ಇಲ್ಲ. ತೀರ್ಥಹಳ್ಳಿ ತಾಲ್ಲೂಕಿನಲ್ಲಿರುವ ಕೆಳದಿ ಅರಸರ ಕೋಟೆ ‘ಕವಲೇದುರ್ಗ’ವನ್ನು ಬರೆದು ನೋಡಿ. ಇಂಗ್ಲಿಷ್ ಶೀರ್ಷಿಕೆಗಳಂತೆ ಅಕ್ಷರಗಳ ನಡುವೆ ಅಂತರ ಹಿಗ್ಗಿಸುವಾಗ ಕೊನೆಯ ಅರ್ಕಾವೊತ್ತು ‘ಗ’ದಿಂದ ದೂರ ಸರಿದು ಒಂಟಿಯಾಗಿ ನಿಂತರೆ, ಅದು ಕನ್ನಡದ ಅಂಕಿ ಒಂಬತ್ತರಂತೆಯೇ ಇರುವುದರಿಂದ, ನೋಡಿದವರು ಇದು ಆಟದ ಒಂಬತ್ತನೆಯ ಭಾಗವೆಂದು ತಿಳಿದಾರು.