ಚಿಕಿಟಾ: ನೆಟ್ ಗೆದ್ದುಕೊಡುವ ಮೆತ್ತನೆಯ ಹೊಡೆತ

ಬೆಂಗಳೂರಿನ ಇಟ್ಟಮಡುವಿನ ಅಡ್ಡರಸ್ತೆಗಳಲ್ಲಿ ಶಟಲ್ ಆಡಿ ಬೆಳೆದವರು ಮೊದಲ ಸಲ ಪ್ಯಾಡೆಲ್ ನೋಡಲು ಕೂತರೆ ಕಣ್ಣೆಲ್ಲ ಸ್ಮ್ಯಾಶ್ ಮೇಲೆಯೇ ಇರುತ್ತದೆ. ಚೆಂಡು ನೆಲಕ್ಕೆ ಬಡಿದು, ಗಾಜಿಗೆ ತಾಗಿ, ಕೋರ್ಟಿನಾಚೆ ಹಾರಿಹೋದಾಗ ಚಪ್ಪಾಳೆ ಬೀಳುವುದು ಸಹಜ. ಆದರೆ ಆ ಸ್ಮ್ಯಾಶ್‌ಗೆ ಅವಕಾಶ ಮಾಡಿಕೊಟ್ಟ ಹೊಡೆತ ಅನೇಕ ಸಲ ಅದಕ್ಕೂ ಮುಂಚೆಯೇ ಸದ್ದಿಲ್ಲದೆ ಮುಗಿದಿರುತ್ತದೆ. ಅದೇ ಚಿಕಿಟಾ. ಪ್ಯಾಡೆಲ್‌ನ ರುಚಿ ಹತ್ತುವುದು ಅದು ಕಣ್ಣಿಗೆ ಬೀಳತೊಡಗಿದ ಮೇಲೆಯೇ.

1969ರಲ್ಲಿ ಮೆಕ್ಸಿಕೋದ ಅಕಪುಲ್ಕೋದಲ್ಲಿ ಎನ್ರಿಕೆ ಕೊರ್ಕುಯೆರಾ ತಮ್ಮ ಮನೆಯ ಆವರಣದಲ್ಲಿ ಶುರುಮಾಡಿದ ಆಟ ಪ್ಯಾಡೆಲ್. ಕೋರ್ಟ್ 20 ಮೀಟರ್ ಉದ್ದ, 10 ಮೀಟರ್ ಅಗಲ. ಸುತ್ತ ಗಾಜು ಮತ್ತು ಜಾಲರಿ. ನೆಟ್ಟಿನ ಎತ್ತರ ನಡುವೆ 88 ಸೆಂಟಿಮೀಟರ್. ಆಡುವುದು ಇಬ್ಬಿಬ್ಬರ ಜೋಡಿ. ನೆಟ್ಟಿನ ಬಳಿ ನಿಂತವರದ್ದೇ ಮೇಲುಗೈ. ಹಿಂದಿರುವ ಜೋಡಿ ಎಷ್ಟೇ ಜೋರಾಗಿ ಬಾರಿಸಿದರೂ ಮುಂದಿನವರು ಅದೇ ವೇಗ ಬಳಸಿಕೊಂಡು ವಾಲಿ ಮಾಡಿಬಿಡುತ್ತಾರೆ. ಜಾಗ ಕಿತ್ತುಕೊಳ್ಳಲು ಇರುವುದು ಮುಖ್ಯವಾಗಿ ಎರಡೇ ದಾರಿ: ತಲೆಯ ಮೇಲೆ ಲಾಬ್, ಇಲ್ಲವೇ ಕಾಲಬುಡಕ್ಕೆ ಚಿಕಿಟಾ.

ಹೊಡೆತವನ್ನು ಹತ್ತಿರದಿಂದ ನೋಡಿ. ಗಾಜಿಗೆ ಬಡಿದು ಮರಳಿದ ಚೆಂಡಿಗಾಗಿ ಆಟಗಾರ್ತಿ ಮಂಡಿ ಬಗ್ಗಿಸಿ ಕಾಯುತ್ತಾಳೆ. ಬ್ಯಾಟನ್ನು ಹಿಂದಕ್ಕೆ ಬೀಸುವುದೇ ಇಲ್ಲ. ದೇಹದ ಮುಂದೆ ಚೆಂಡನ್ನು ಸಂಧಿಸಿ, ಬ್ಯಾಟಿನ ಮುಖವನ್ನು ತುಸು ಮೇಲಕ್ಕೆ ತೆರೆದು, ಮೆಲ್ಲಗೆ ದಾಟಿಸುತ್ತಾಳೆ. ನೆಟ್ಟನ್ನು ಸವರಿಕೊಂಡೇ ಹೋದ ಚೆಂಡು ಎದುರಾಳಿಯ ಪಾದದ ಬಳಿ ಇಳಿಯುತ್ತದೆ. ಎದುರಾಳಿ ಬಾಗಲೇಬೇಕು, ನೆಟ್ಟಿಗಿಂತ ಕೆಳಗಿನಿಂದ ಮೇಲಕ್ಕೆ ಎತ್ತಲೇಬೇಕು. ಅಷ್ಟರಲ್ಲಿ ಹೊಡೆದವಳೂ ಜೊತೆಗಾರ್ತಿಯೂ ಸಮಸಮವಾಗಿ ಮುಂದೆ ಬಂದು, ಎದುರಿನವರು ಚೆಂಡು ಮುಟ್ಟುವ ಕ್ಷಣಕ್ಕೆ ಸರಿಯಾಗಿ ಕಾಲೂರಿ ನಿಂತಿರುತ್ತಾರೆ. ಆ ನಾಲ್ಕು ಹೆಜ್ಜೆಗಳಿಲ್ಲದ ಚಿಕಿಟಾ ಅರ್ಧ ಹೊಡೆತ ಮಾತ್ರ. ಅದಕ್ಕೇ ನೋಡುಗರು ಚೆಂಡನ್ನು ಬಿಟ್ಟು ಕಾಲುಗಳನ್ನು ನೋಡಬೇಕು.

ಮೆತ್ತನೆಯ ಹೊಡೆತದ ಬೆಲೆಯನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ ಆಟ ಕಲಿತ ಪ್ರಕಾಶ್ ಪಡುಕೋಣೆ 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಎದುರಿಸಿದ್ದು ಹಿಂದಿನ ಎರಡು ವರ್ಷದ ಚಾಂಪಿಯನ್, ಜಿಗಿದು ಸ್ಮ್ಯಾಶ್ ಹೊಡೆಯುವುದರಲ್ಲಿ ನಿಪುಣನಾದ ಲಿಯೆಮ್ ಸ್ವೀ ಕಿಂಗ್‌ನನ್ನು. ಪ್ರಕಾಶ್ ಆಟದ ವೇಗವನ್ನು ತಮ್ಮ ಹಿಡಿತದಲ್ಲಿಟ್ಟುಕೊಂಡು ಟಾಸ್, ಡ್ರಾಪ್, ಅರ್ಧ ಸ್ಮ್ಯಾಶ್‌ಗಳಲ್ಲೇ 15-3, 15-10ರಿಂದ ಗೆದ್ದರು. ಬ್ಯಾಡ್ಮಿಂಟನ್‌ನ ಡ್ರಾಪ್ ನೇರವಾಗಿ ಪಾಯಿಂಟ್ ತರಬಲ್ಲದು. ಚಿಕಿಟಾದಿಂದ ಅಂಥ ನಿರೀಕ್ಷೆ ಬೇಡ. ಅದು ತರುವುದು ಜಾಗ.

ಯಾವಾಗ ಹೊಡೆಯಬಾರದು ಎಂಬುದರಲ್ಲೇ ಜಾಣತನ ಇರುವುದು. ಚೆಂಡು ಆಳವಾಗಿ ಬಿದ್ದು ಮೈ ತೂಕ ತಪ್ಪಿದ್ದರೆ ಲಾಬ್ ಎತ್ತುವುದೇ ಕ್ಷೇಮ. ಚಿಕಿಟಾ ಒಂದು ಗೇಣು ಎತ್ತರಕ್ಕೆ ಹೋದರೂ ಮುಂದೆ ನುಗ್ಗುತ್ತಿರುವವರ ಎದೆಗೇ ವಾಲಿ ಬರುತ್ತದೆ. ಎದುರಾಳಿಯ ವಾಲಿ ಗಿಡ್ಡವಾಗಿ ಬಿದ್ದು, ಚೆಂಡು ಗಾಜಿನಿಂದ ನಿಧಾನವಾಗಿ ಮುಂದೆ ಬಂದಾಗ ಅವಕಾಶ ಒಳ್ಳೆಯದು. ಸತತವಾಗಿ ಎರಡು ಲಾಬ್ ಎದುರಿಸಿದ ಜೋಡಿ ಮೂರನೆಯದಕ್ಕೂ ಸಿದ್ಧವಾಗಿರಲೆಂದು ನೆಟ್ಟಿನಿಂದ ಒಂದು ಹೆಜ್ಜೆ ಹಿಂದಕ್ಕೆ ನಿಲ್ಲುವುದುಂಟು. ನೆಟ್ಟಿಗೂ ಅವರ ಪಾದಗಳಿಗೂ ನಡುವೆ ಆಗ ತೆರೆದುಕೊಳ್ಳುವ ಜಾಗವನ್ನು ಗ್ಯಾಲರಿಯಲ್ಲಿ ಕೂತವರೂ ಗುರುತಿಸಬಹುದು; ಮುಂದಿನ ಚೆಂಡು ಅಲ್ಲಿಗೇ ಬೀಳುವ ಸಂಭವ ಹೆಚ್ಚು.