ರಾಗಿ ಉಂಡೆಯೋ, ರಬ್ಬರ್ ಕಪ್ಪೆಯೋ?

‘ಸರ್, ಯಾವ ಲ್ಯೂರ್ ತಗೊಳ್ಳಲಿ?’

ಎಲೆಕ್ಟ್ರಾನಿಕ್ ಸಿಟಿ ಕಡೆಯ ಹುಡುಗರಿಗೆ ಗಾಳದ ಗೀಳು ಹತ್ತಿದ ಹೊಸದರಲ್ಲಿ ಬರುವ ಪ್ರಶ್ನೆ ಇದು. ಅಷ್ಟು ಹೊತ್ತಿಗೆ ರಾಡು, ರೀಲು ಆನ್‌ಲೈನಿನಲ್ಲಿ ಬಂದು ಮನೆ ಸೇರಿರುತ್ತವೆ. ಡಬ್ಬಿ ತುಂಬ ಲ್ಯೂರ್ ಎನ್ನುವ ಬಣ್ಣಬಣ್ಣದ ಪ್ಲಾಸ್ಟಿಕ್ ಮೀನುಗಳೂ ಇರುತ್ತವೆ. ‘ಯಾವ ಮೀನಿಗಪ್ಪಾ?’ ಎಂದು ನಾನು ತಿರುಗಿ ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ. ‘ಕೆರೆ ಮೀನಿಗೆ’ ಎನ್ನುತ್ತಾರೆ.

ಅದೇ ಕಡೆಯ ಬೇಗೂರು ಹಳೆಯ ಊರು. ಇಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿರುವ, ಸುಮಾರು ಕ್ರಿ.ಶ. 890ರ ಕಾಲದ್ದೆನ್ನುವ ಶಾಸನದಲ್ಲಿಯೇ ಬೆಂಗಳೂರಿನ ಹೆಸರು ಸಿಗುವುದು. ಆ ಊರಿನ ಕೆರೆಯ ಸುತ್ತ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ. ಈ ಭಾಗದ ಯಾವ ಕೆರೆಯ ಏರಿಯ ಮೇಲೆ ಹೋದರೂ ಗಾಳದವರಲ್ಲಿ ಎರಡು ಬಣ ಕಾಣುತ್ತದೆ. ಟೋಪಿ, ಬಣ್ಣದ ಕನ್ನಡಕ, ಸ್ಪಿನ್ನಿಂಗ್ ರಾಡು ಹಿಡಿದು ಎಸೆದು ಸುತ್ತಿ, ಎಸೆದು ಸುತ್ತಿ ದಣಿಯುವವರು ಒಂದು ಕಡೆ. ಖಾಲಿ ನೀರಿನ ಬಾಟಲಿಗೆ ನೈಲಾನ್ ದಾರ ಸುತ್ತಿಕೊಂಡು ಬಂದ ಕಟ್ಟಡ ಕೆಲಸದವರು, ಫ್ಯಾಕ್ಟರಿಯವರು ಇನ್ನೊಂದು ಕಡೆ. ಅವರ ಬಂಡವಾಳ ಒಂದು ಹಿಡಿ ಮೈದಾ ಹಿಟ್ಟು, ಇಲ್ಲವೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ತಂದ ಕೋಳಿ ಕರುಳು. ಸಂಜೆಗೆ ಮೀನು ಯಾರ ಚೀಲದಲ್ಲಿ ಇರುತ್ತದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಹಾಗೆಂದು ಲ್ಯೂರ್ ದಂಡ, ಎರೆಯೇ ಮೇಲು ಎಂದು ತೀರ್ಪು ಕೊಟ್ಟರೆ ಅದೂ ತಪ್ಪು. ತೀರ್ಮಾನ ಮಾಡುವುದು ನಾವಲ್ಲ, ಮೀನು. ಅದು ಏನು ತಿನ್ನುತ್ತದೆ, ಕಣ್ಣಿನಿಂದ ಹುಡುಕುತ್ತದೋ ಮೂಗಿನಿಂದಲೋ ಮೀಸೆಯಿಂದಲೋ ಎಂದು ತಿಳಿದರೆ ಅಂಗಡಿಗೆ ಹೋಗುವ ಮೊದಲೇ ಅರ್ಧ ಕೆಲಸ ಮುಗಿದ ಹಾಗೆ.

ನಮ್ಮ ಕೆರೆಗಳಿಗೆ ಮರಿ ಬಿಟ್ಟು ಬೆಳೆಸುವುದು ಹೆಚ್ಚಾಗಿ ಗೆಂಡೆ ಜಾತಿಯವನ್ನು: ಕಟ್ಲಾ, ರೋಹು, ಮೃಗಾಲ, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ. ಕಟ್ಲಾದ ಬಾಯಿ ಮೇಲ್ಮುಖ, ಅದು ಮೇಲ್ನೀರಿನ ಸಣ್ಣ ಜೀವಾಣುಗಳನ್ನು ಸೋಸಿ ತಿನ್ನುತ್ತದೆ. ರೋಹುವಿನದು ನಡುನೀರು. ಮೃಗಾಲ ತಳದಲ್ಲಿ ಮೇಯುತ್ತದೆ. ಸಾಮಾನ್ಯ ಗೆಂಡೆ ಎರಡು ಜೊತೆ ಮೀಸೆಯಿಂದ ಕೆಸರನ್ನು ತಡಕಿ ತಡಕಿ ಉಣ್ಣುತ್ತದೆ. ಇವುಗಳಲ್ಲಿ ಯಾವುದಕ್ಕೂ ಇನ್ನೊಂದು ಮೀನನ್ನು ಅಟ್ಟಿಸಿಕೊಂಡು ಹೋಗುವ ಚಾಳಿ ಇಲ್ಲ. ಇವುಗಳ ಮುಂದೆ ಮುನ್ನೂರು ರೂಪಾಯಿಯ ಹೊಳೆಯುವ ಪ್ಲಾಸ್ಟಿಕ್ ಮೀನನ್ನು ಎಷ್ಟು ಕುಣಿಸಿದರೂ ಅಷ್ಟೇ. ಅಪ್ಪಿತಪ್ಪಿ ಕೊಕ್ಕೆ ಬೆನ್ನಿಗೋ ಬಾಲಕ್ಕೋ ಸಿಕ್ಕಿಕೊಂಡು ಬಂದರೆ ಅದನ್ನು ಮೀನು ಹಿಡಿದದ್ದು ಎನ್ನಬಾರದು.

ಗೆಂಡೆಗೆ ರಾಗಿಯೇ ಸರಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಉಂಡೆ ಕಟ್ಟುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ರಾಗಿ ಹಿಟ್ಟು ಎರಡು ಪಾಲು, ಪುಡಿ ಮಾಡಿದ ಕಡಲೆಕಾಯಿ ಹಿಂಡಿ ಒಂದು ಪಾಲು, ಬೆಲ್ಲ ಒಂದು ಚೂರು. ಬಿಸಿನೀರು ಚಿಮುಕಿಸುತ್ತ ಗಟ್ಟಿಯಾಗಿ ಕಲಸಿ, ಉಂಡೆ ಮಾಡಿ, ಕುದಿಯುವ ನೀರಿಗೆ ಬಿಡಿ. ಮೇಲ್ಮೈ ಬಿಗಿಯಾಗಿ ಬಣ್ಣ ಕಪ್ಪಾದ ಮೇಲೆ ತೆಗೆದು, ಆರುವ ಮೊದಲೇ ಅಂಗೈಗೆ ಎಣ್ಣೆ ಸವರಿಕೊಂಡು ಮತ್ತೆ ನಾದಬೇಕು. ಹಸಿ ಹಿಟ್ಟು ನೀರಿಗೆ ಬಿದ್ದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಬೇಯಿಸಿ ನಾದಿದ್ದು ಕಿವಿಯ ಹಾಲೆಯ ಹಾಗೆ ಮೆತ್ತಗಿದ್ದೂ ಬಿಡದೆ ಹಿಡಿದುಕೊಳ್ಳುತ್ತದೆ. ಕೊಕ್ಕೆ ಪೂರ್ತಿ ಮುಚ್ಚುವಷ್ಟು ದಪ್ಪ ಮೆತ್ತಬೇಡಿ, ಮುಳ್ಳಿನ ತುದಿ ಒಂದಿಷ್ಟು ಹೊರಗಿರಲಿ. ಗಾಳ ಹಾಕುವ ಜಾಗಕ್ಕೆ ಮೊದಲೇ ಒಂದೆರಡು ಹಿಡಿ ತೌಡು ಕಲಸಿದ ಹಿಂಡಿ ಎಸೆದು, ಸುಮ್ಮನೆ ಕೂತು, ಗುಳ್ಳೆ ಏಳುವುದನ್ನು ನೋಡಿ. ಸಾಲಾಗಿ ಸಣ್ಣ ಗುಳ್ಳೆ ಎದ್ದರೆ ಕೆಳಗೆ ಗೆಂಡೆ ಕೆಸರು ಕೆದಕುತ್ತಿದೆ ಎಂದರ್ಥ. ಬೆಂಡು ಒಮ್ಮೆಗೇ ಮುಳುಗುವುದಿಲ್ಲ. ಅದು ಒಂದೆರಡು ಬಾರಿ ತಲೆದೂಗಿ, ಆಮೇಲೆ ಓರೆಯಾಗಿ ಜಾರುತ್ತದೆ. ಎಳೆಯಬೇಕಾದದ್ದು ಜಾರುವಾಗ.

ಹಿಟ್ಟಿನ ಉಂಡೆಗೆ ನಮ್ಮ ನಾಡಿನಲ್ಲಿ ದೊಡ್ಡ ಪರಂಪರೆಯೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ಅರಸನ ವಿನೋದಗಳ ಸಾಲಿನಲ್ಲಿ ಗಾಳಕ್ಕೂ ಜಾಗ ಕೊಟ್ಟು, ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ತಿನಿಸು ಎಂದು ಬಿಡಿಸಿ ಹೇಳುತ್ತದೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ ಅದನ್ನು ಓದಿ ಕಳೆದ ಶತಮಾನದ ನಡುವಿನಲ್ಲಿ ಪ್ರಬಂಧವನ್ನೇ ಬರೆದರು. ಒಂಬೈನೂರು ವರ್ಷದ ಹಿಂದೆ ಬಸವಕಲ್ಯಾಣದಲ್ಲಿ ಕೂತವನಿಗೆ ಗೊತ್ತಿದ್ದ ಸಂಗತಿಗೆ ಇಂದು ನಾವು ವೀಡಿಯೊ ನೋಡುತ್ತಿದ್ದೇವೆ.

ಕಾವೇರಿಯ ಕತೆ ಇನ್ನೂ ಹತ್ತಿರದ್ದು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯ ಮಹಶೀರ್ ಶಿಬಿರಗಳಿಗೆ ಜಗತ್ತಿನ ಮೂಲೆಮೂಲೆಯಿಂದ ಗಾಳದವರು ಬರುತ್ತಿದ್ದರು. ಪೆಟ್ಟಿಗೆಗಳಲ್ಲಿ ಒಂದಕ್ಕಿಂತ ಒಂದು ದುಬಾರಿ ಸ್ಪೂನು, ಪ್ಲಗ್ಗು ಲ್ಯೂರುಗಳು. ದೊಡ್ಡ ಮಹಶೀರ್‌ಗಳನ್ನು ಎಷ್ಟೋ ಸಲ ದಡಕ್ಕೆ ತಂದದ್ದು ಮಾತ್ರ ನಮ್ಮ ಹಳ್ಳಿಯ ಸಹಾಯಕರು ಬೇಯಿಸಿ ಕಟ್ಟಿದ, ನಿಂಬೆಹಣ್ಣಿನಿಂದ ಕಿತ್ತಳೆ ಗಾತ್ರದವರೆಗಿನ ರಾಗಿ ಉಂಡೆ. ಮಹಶೀರ್ ಎಲ್ಲವನ್ನೂ ತಿನ್ನುವ ಮೀನು, ಏಡಿ, ಸಣ್ಣ ಮೀನು, ಹಣ್ಣು, ಕಾಳು ಯಾವುದೂ ಬೇಡವೆನ್ನದು. ಆದ್ದರಿಂದ ಅದಕ್ಕೆ ಸ್ಪೂನೂ ನಡೆಯುತ್ತದೆ, ಮುದ್ದೆಯೂ ನಡೆಯುತ್ತದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಿಂದ ‘ದಿ ರಾಡ್ ಇನ್ ಇಂಡಿಯಾ’ ಹೊರತಂದ ಕಾಲದಿಂದ ಈ ಚರ್ಚೆ ನಡೆದೇ ಇದೆ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಇಂದಿಗೂ ದಾಖಲೆ. 2018ರಲ್ಲಿ ವಿಜ್ಞಾನಿಗಳು ಕಾವೇರಿಯ ಈ ಗೂನುಬೆನ್ನಿನ ಮಹಶೀರ್‌ನ ಸರಿಯಾದ ಹೆಸರು ಟಾರ್ ರೆಮಾದೇವಿ ಎಂದು ಗುರುತಿಸಿದರು. ಅದೀಗ ತೀವ್ರ ಅಪಾಯದಂಚಿನ ಪಟ್ಟಿಯಲ್ಲಿದೆ. ಆ ಶಿಬಿರಗಳಿರುವ ವನ್ಯಧಾಮದೊಳಗಿನ ಗಾಳಕ್ಕೆ ಕಳೆದ ದಶಕದ ಆರಂಭದಲ್ಲೇ ತೆರೆ ಬಿತ್ತು. ಆ ಕನಸು ಬಿಟ್ಟು ಕೆರೆಗೆ ಬನ್ನಿ.

ಕೆರೆಯಲ್ಲಿ ಲ್ಯೂರಿಗೆ ಹೇಳಿ ಮಾಡಿಸಿದ ಮೀನು ಒಂದಿದೆ: ಕೊರಮೀನು. ಕೆಲವರಿಗೆ ಕುಚ್ಚು, ಅಂಗಡಿಯವನಿಗೆ ಮರಲ್. ಹಾವಿನಂಥ ತಲೆ, ಬಾಯಿ ತುಂಬ ಹಲ್ಲು. ನೀರಿನ ಮೇಲೆ ಬಂದು ನೇರವಾಗಿ ಗಾಳಿ ಉಸಿರಾಡುವ ಮೀನಾದ್ದರಿಂದ ಉಸಿರುಗಟ್ಟುವ ಕೊಳಕು ನೀರಿನಲ್ಲೂ ಬದುಕುತ್ತದೆ. ಮಾರುಕಟ್ಟೆಯಲ್ಲಿ ಇದನ್ನು ಜೀವಂತವಾಗಿಯೇ ಮಾರುವುದು ಈ ಕಾರಣಕ್ಕೆ. ಜೊಂಡಿನ ಅಂಚು, ಅಂತರಗಂಗೆಯ ಮರೆ ಇದರ ಮನೆ. ಅಲ್ಲಿ ಅಡಗಿ ನಿಂತು, ತಲೆಯ ಮೇಲೆ ಹಾದುಹೋಗುವ ಕಪ್ಪೆ, ಮೀನುಮರಿಯನ್ನು ಒಂದೇ ನೆಗೆತಕ್ಕೆ ಹಿಡಿಯುತ್ತದೆ. ಇದಕ್ಕೆ ರಾಗಿ ಉಂಡೆ ಹಾಕಿ ಕೂತರೆ ಏರಿಯ ಮೇಲೆ ತಲೆ ಹಣ್ಣಾಗುತ್ತದೆ.

ಒಳಗೆ ಟೊಳ್ಳಾದ ರಬ್ಬರ್ ಕಪ್ಪೆ ಇದರ ಮದ್ದು. ಅದರ ಎರಡು ಕೊಕ್ಕೆಗಳು ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿರುತ್ತವೆ, ಹಾಗಾಗಿ ಕಳೆಯ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿ ರಬ್ಬರು ಅಮುಕಿದಾಗ ಮಾತ್ರ ಮುಳ್ಳು ಹೊರಬರುತ್ತದೆ. ಅಂತರಗಂಗೆಯ ಎಲೆಯ ಮೇಲೆ ಎಸೆದು, ಮೆಲ್ಲಗೆ ನೀರಿಗೆ ಇಳಿಸಿ, ಒಂದು ಕ್ಷಣ ಬಿಟ್ಟು, ರಾಡಿನ ತುದಿಯನ್ನು ಚೂರುಚೂರೇ ಅಲ್ಲಾಡಿಸುತ್ತ ಬನ್ನಿ. ಇಕ್ಕಟ್ಟಿನ ತೆರಪು ಬಂದ ಕಡೆ ನಿಲ್ಲಿಸಿ. ಕಪ್ಪೆಯ ಹಿಂದೆ ನೀರು ಉಬ್ಬಿಕೊಂಡು ಬರುವುದು ಕಾಣುತ್ತದೆ. ಆಮೇಲೆ ದಬಕ್ಕನೆ ಸದ್ದು. ಹೊಸಬರು ಸದ್ದಿಗೇ ಬೆಚ್ಚಿ ಎಳೆದುಬಿಡುತ್ತಾರೆ, ಕಪ್ಪೆ ಮುಖಕ್ಕೆ ಹಾರಿ ಬರುತ್ತದೆ. ಕೊರಮೀನು ಮೊದಲು ಹೊಡೆಯುತ್ತದೆ, ಆಮೇಲೆ ನುಂಗುತ್ತದೆ. ಕಪ್ಪೆ ಕಣ್ಣಿಗೆ ಮರೆಯಾಗಿ ದಾರ ಬಿಗಿಯುವವರೆಗೆ ಕೈ ಕಟ್ಟಿಕೊಂಡಿರುವುದೇ ಇಲ್ಲಿನ ವಿದ್ಯೆ.

ಒಂದು ಮಾತು. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು-ಕಿತ್ತಳೆ ಬಣ್ಣದ ಮರಿಗಳ ಗುಂಪು ಬುಳುಬುಳು ಎನ್ನುತ್ತ ಸರಿದಾಡಿದರೆ ಅದು ಕೊರಮೀನಿನ ಸಂಸಾರ. ತಂದೆ ತಾಯಿ ಕೆಳಗೆ ಕಾವಲಿರುತ್ತವೆ. ಹತ್ತಿರ ಏನು ಬಿದ್ದರೂ ಹಸಿವಿಲ್ಲದಿದ್ದರೂ ಮೇಲೆರಗುತ್ತವೆ. ಅಲ್ಲಿ ಕಪ್ಪೆ ಎಸೆದರೆ ಮೀನು ಗ್ಯಾರಂಟಿ. ಕಾವಲು ಹೋದ ಮರಿಗಳನ್ನು ಮಿಕ್ಕ ಮೀನುಗಳು, ಹಕ್ಕಿಗಳು ಮುಗಿಸುವುದೂ ಗ್ಯಾರಂಟಿ. ಅಂಥ ಫೋಟೊ ಕಳಿಸಿ ಶಹಬ್ಬಾಸ್ ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ.

ಲ್ಯೂರ್ ಎಂದರೆ ಸಾಹುಕಾರರ ಆಟ ಎಂದು ಮೂಗು ಮುರಿಯುವ ಹಿರಿಯರಿಗೆ ಫಿನ್ಲೆಂಡಿನ ಲೌರಿ ರಪಾಲನ ಕತೆ ಹೇಳಬೇಕು. ಬಡ ಮೀನುಗಾರ. 1936ರಲ್ಲಿ ಬೆಂಡನ್ನು ಚಮ್ಮಾರನ ಚಾಕುವಿನಿಂದ ಕೆತ್ತಿ, ಚಾಕೊಲೇಟಿನ ತಗಡು ಹಾಳೆ ಸುತ್ತಿ, ಫೋಟೊ ನೆಗೆಟಿವ್ ಕರಗಿಸಿ ಮೇಲೆ ಬಳಿದ. ದೊಡ್ಡ ಮೀನು ಗುಂಪಿನಲ್ಲಿ ಕುಂಟುತ್ತಿರುವ ಮರಿಯನ್ನೇ ಆರಿಸಿ ಹಿಡಿಯುವುದನ್ನು ಕಂಡಿದ್ದ ಅವನು ತನ್ನ ಬೆಂಡಿನ ಮೀನಿಗೆ ಆ ಕುಂಟು ನಡಿಗೆ ಕಲಿಸಿದ. ಕಸದಿಂದ ಮಾಡಿದ ಲ್ಯೂರು ಅದು. ನಮ್ಮ ಕೆರೆಗಳ ಹಸಿರುಗಟ್ಟಿದ ನೀರಿನಲ್ಲಿ ಒಂದಡಿ ಕೆಳಗೆ ಏನೂ ಕಾಣದು ಎಂಬುದು ಬೇರೆ ಮಾತು. ಅದಕ್ಕೇ ಇಲ್ಲಿ ಮುಳುಗುವ ಲ್ಯೂರಿಗಿಂತ ಮೇಲೆ ತೇಲಿ ಸದ್ದು ಮಾಡುವ ಕಪ್ಪೆ ಗೆಲ್ಲುತ್ತದೆ. ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಕಪ್ಪು ಬಣ್ಣದ್ದೊಂದು ಸಾಕು.

ಕ್ಯಾಟ್‌ಫಿಶ್‌ಗೆ ಕಣ್ಣಿನ ಹಂಗೇ ಇಲ್ಲ. ನಾಲ್ಕು ಜೊತೆ ಮೀಸೆ, ಮೈಯೆಲ್ಲ ನಾಲಗೆ. ಕತ್ತಲಲ್ಲಿ ವಾಸನೆ ಹಿಡಿದು ಬರುತ್ತದೆ. ಕೋಳಿ ಕರುಳಿಗೆ ಸಮನಾದದ್ದು ಅದಕ್ಕೆ ಇನ್ನೊಂದಿಲ್ಲ. ಇಲ್ಲಿ ಬಾಟಲಿ ದಾರದವರು ಗೆದ್ದರು ಎನ್ನೋಣ. ಆದರೆ ನಗರದ ಕೆರೆಗಳಲ್ಲಿ ಸಿಗುವುದು ಬಹುಪಾಲು ಆಫ್ರಿಕನ್ ಕ್ಯಾಟ್‌ಫಿಶ್. ಸಾಕಣೆಗೆ 2000ದಲ್ಲೇ ಕೇಂದ್ರ ನಿಷೇಧ ಹೇರಿದ್ದರೂ ಕೆರೆ ಕೆರೆಯಲ್ಲೂ ತುಂಬಿಕೊಂಡು, ದೇಸಿ ಮೀನುಗಳ ಮರಿಯನ್ನೆಲ್ಲ ತಿಂದು ಕೊಬ್ಬಿದೆ. ಸಿಕ್ಕರೆ ಮತ್ತೆ ನೀರಿಗೆ ಬಿಡಬೇಡಿ. ಒಳಚರಂಡಿ ನೀರು ಸೇರುವ ಕೆರೆಯದಾದರೆ ತಿನ್ನಲೂ ಬೇಡಿ.

ಜಿಲೇಬಿ ಮೀನು, ಅಂದರೆ 1952ರಲ್ಲಿ ನಮ್ಮ ದೇಶಕ್ಕೆ ಬಂದ ತಿಲಾಪಿಯಾ, ಮಕ್ಕಳ ಮೀನು. ಸಣ್ಣ ಕೊಕ್ಕೆ, ಚೂರು ಎರೆಹುಳು, ಅಷ್ಟೇ. ಎರೆಹುಳುವೇ ಈಗ ದುರ್ಲಭ. ಬೇಗೂರಿನ ಸುತ್ತ ಬಚ್ಚಲ ನೀರು ಹರಿಯುವ ಹಿತ್ತಿಲು ಎಲ್ಲಿದೆ? ಎಲ್ಲ ಕಡೆ ಕಾಂಕ್ರೀಟು. ಎರೆಗೊಬ್ಬರದವರ ಕೆಂಪು ಹುಳು ಕೊಂಡು ತರಬೇಕು. ಅದು ಸಪೂರ, ಚುಚ್ಚಿದರೆ ಹಳದಿ ರಸ ಕಾರುತ್ತದೆ. ನೆಲದ ಹುಳುವಿನ ದಪ್ಪ ಅದಕ್ಕೆಲ್ಲಿ.

ಜೀವಂತ ಕಪ್ಪೆಯನ್ನು, ಮೀನುಮರಿಯನ್ನು ಕೊಕ್ಕೆಗೆ ಚುಚ್ಚುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಕೊರಮೀನಿಗೆ ಅದು ರಬ್ಬರಿಗಿಂತ ಒಂದು ಕೈ ಮೇಲು, ನಿಜ. ಆದರೆ ಬೆನ್ನಿಗೆ ಕೊಕ್ಕೆ ಸಿಕ್ಕಿಸಿಕೊಂಡು ಗಂಟೆಗಟ್ಟಲೆ ಒದ್ದಾಡುವ ಜೀವವನ್ನು ನೋಡುತ್ತ ಕೂರುವುದು ವಿನೋದವಲ್ಲ. ಕಪ್ಪೆ ಕಾಲಿನ ರಫ್ತನ್ನು ಸರ್ಕಾರ 1987ರಲ್ಲಿ ನಿಲ್ಲಿಸಿದ್ದು ಗದ್ದೆಯ ಕೀಟ ತಿನ್ನುವ ಕಪ್ಪೆಗಳು ಬರಿದಾಗುತ್ತಿವೆ ಎಂದೇ. ಮೀನುಮರಿಯದು ಇನ್ನೊಂದು ಅಪಾಯ: ಒಂದು ಕೆರೆಯಲ್ಲಿ ಹಿಡಿದು ಬಕೆಟ್ಟಿನಲ್ಲಿ ತಂದು, ಉಳಿದದ್ದನ್ನು ಇನ್ನೊಂದು ಕೆರೆಗೆ ಸುರಿದು ಹೋಗುತ್ತಾರೆ. ಬೇಡದ ಜಾತಿಗಳು ಹರಡಲು ಇಷ್ಟು ಸಾಕು. ಮುನ್ನೂರು ರೂಪಾಯಿಯ ರಬ್ಬರ್ ಕಪ್ಪೆ ಇರುವಾಗ ಇದರ ಅಗತ್ಯವೂ ಇಲ್ಲ.

ಹಾಗಾಗಿ ಬೇಗೂರಿನ ಸುತ್ತಮುತ್ತ ಗಾಳ ಹಾಕುವವರಿಗೆ ನನ್ನ ಪಟ್ಟಿ ಚಿಕ್ಕದು: ಗೆಂಡೆಗೆ ಬೇಯಿಸಿದ ರಾಗಿ, ಕೊರಮೀನಿಗೆ ಕಪ್ಪು ರಬ್ಬರ್ ಕಪ್ಪೆ, ಜಿಲೇಬಿಗೆ ಎರೆಹುಳು. ಮಿಕ್ಕ ಡಬ್ಬಿಯನ್ನು ಮನೆಯಲ್ಲೇ ಬಿಡಿ. ಕೆರೆಗಳಲ್ಲಿ ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುವುದುಂಟು, ಕೆಲವು ಕಡೆ ಗಾಳವನ್ನೇ ನಿಷೇಧಿಸಿರುವುದೂ ಉಂಟು. ಬೋರ್ಡು ನೋಡಿ, ಗುತ್ತಿಗೆದಾರರನ್ನೋ ಕಾವಲುಗಾರರನ್ನೋ ಕೇಳಿಯೇ ಗಾಳ ಬಿಚ್ಚಿ. ಕಳೆಗೆ ಸಿಕ್ಕಿ ಹರಿದ ದಾರವನ್ನು, ಕಿತ್ತುಹೋದ ರಬ್ಬರನ್ನು ಅಲ್ಲೇ ಬಿಟ್ಟು ಬರಬೇಡಿ. ನೈಲಾನ್ ಕೊಳೆಯುವುದಿಲ್ಲ, ನಮ್ಮ ಕೆರೆಗಳಿಗೆ ಬರುವ ಹೆಜ್ಜಾರ್ಲೆ, ನೀರುಕಾಗೆಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಚೀಲದಲ್ಲಿ ಒಂದು ಕತ್ತರಿ, ಒಂದು ಖಾಲಿ ಕವರು ಇಟ್ಟುಕೊಳ್ಳಿ.