ಸಾಲದ ಚಿತ್ರ, ವಂತಿಗೆಯ ಚಿತ್ರ

ಕೇರಳದ ಹೊಸ ಮಾದರಿಯ ಚಲಚ್ಚಿತ್ರಗಳನ್ನು ಕುರಿತು ಕನ್ನಡದಲ್ಲಿ ಬಂದಿರುವ ಪ್ರಶಂಸೆ ಅಲ್ಪವೇನಲ್ಲ. ಆದರೆ ಅದು ಬಹುಮಟ್ಟಿಗೆ ನಿರ್ದೇಶಕನ ಪ್ರತಿಭೆ, ಛಾಯಾಗ್ರಹಣದ ಸೊಬಗು, ಕಥಾವಸ್ತುವಿನ ಗಾಂಭೀರ್ಯ ಇವುಗಳ ಸುತ್ತಲೇ ತಿರುಗಿದೆ. ಚಿತ್ರಕ್ಕೆ ತಗುಲಿದ ಹಣ ಯಾರ ಕೈಯಿಂದ ಬಂದಿತು, ಯಾವ ಷರತ್ತಿನ ಮೇಲೆ ಬಂದಿತು, ಯಾರಿಗೆ ಹಿಂದಿರುಗಬೇಕಾಗಿತ್ತು ಎಂಬ ವಿಚಾರವನ್ನು ವಿಮರ್ಶಕರು ಲೆಕ್ಕಿಗರ ಪಾಲಿಗೆ ಬಿಟ್ಟುಬಿಡುವುದುಂಟು. ಇದು ಉಚಿತವಲ್ಲ. ಕವಿಗೆ ಕಾಗದ ಮತ್ತು ಮಸಿ ಸಾಕು. ಸಾಲಗಾರನಾದ ಕವಿಯ ಪದ್ಯದಲ್ಲಿ ಸಾಲದ ಗುರುತು ಕಾಣಲೇಬೇಕೆಂಬ ನಿಯಮವಿಲ್ಲ. ಚಲಚ್ಚಿತ್ರದಲ್ಲಾದರೋ ಹಣ ಬಂದ ದಾರಿ ಕೃತಿಯ ರೂಪವನ್ನೇ ಮುಟ್ಟುತ್ತದೆ.

ಕಳಮಶ್ಶೇರಿಯಲ್ಲಿಯೋ ಕೊಚ್ಚಿಯಲ್ಲಿಯೋ ನೆಲೆಸಿದ ಕನ್ನಡಿಗನಿಗೆ ಈ ವಿಚಾರ ದೂರದ್ದಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆ ಕಳಮಶ್ಶೇರಿಯಲ್ಲಿ ತನ್ನ ಘಟಕವನ್ನು ತೆರೆದ 1960ರ ದಶಕದಲ್ಲಿಯೇ, ಅಲ್ಲಿಗೆ ಸುಮಾರು ಇನ್ನೂರು ಕಿಲೋಮೀಟರು ದಕ್ಷಿಣಕ್ಕಿರುವ ತಿರುವನಂತಪುರದಲ್ಲಿ ಬೇರೊಂದು ಬಗೆಯ ಉದ್ಯಮ ಕಣ್ದೆರೆಯಿತು. 1965ರಲ್ಲಿ ಅಡೂರು ಗೋಪಾಲಕೃಷ್ಣನ್, ಕುಳತ್ತೂರು ಭಾಸ್ಕರನ್ ನಾಯರ್ ಮೊದಲಾದ ತರುಣರು ಕೂಡಿ ಸ್ಥಾಪಿಸಿದ ಚಿತ್ರಲೇಖಾ ಫಿಲ್ಮ್ ಸೊಸೈಟಿಯೇ ಅದು. ಒಳ್ಳೆಯ ಚಿತ್ರಗಳನ್ನು ನೋಡುವ ಸಂಘ ಒಂದು ಕಡೆ, ಅಂಥ ಚಿತ್ರಗಳನ್ನು ತಯಾರಿಸುವ ಸಹಕಾರ ಸಂಘ ಮತ್ತೊಂದು ಕಡೆ, ಹೀಗೆ ಎರಡು ಕೈಗಳಿಂದ ಅವರು ಕೆಲಸ ಮಾಡಿದರು. ಸಹಕಾರ ತತ್ತ್ವವನ್ನು ಹಾಲಿಗೆ, ನೂಲಿಗೆ, ಕೃಷಿ ಸಾಲಕ್ಕೆ ಅನ್ವಯಿಸಿದವರು ದೇಶದಲ್ಲಿ ಬಹಳ ಮಂದಿ. ಚಲಚ್ಚಿತ್ರಕ್ಕೆ ಅನ್ವಯಿಸಿದವರಲ್ಲಿ ಇವರು ಮೊದಲಿಗರು.

ಇವರ ಮೊದಲ ಕಥಾಚಿತ್ರ 'ಸ್ವಯಂವರಂ' 1972ರಲ್ಲಿ ತೆರೆಕಂಡಿತು. ವೆಚ್ಚ ಸುಮಾರು ಎರಡೂವರೆ ಲಕ್ಷ ರೂಪಾಯಿ. ಅದರಲ್ಲಿ ಒಂದೂವರೆ ಲಕ್ಷ, ಕೇಂದ್ರ ಸರ್ಕಾರ 1960ರಲ್ಲಿ ಸ್ಥಾಪಿಸಿದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಕೊಟ್ಟ ಸಾಲ. ಉಳಿದದ್ದು ಸಂಘವು ಸಾಕ್ಷ್ಯಚಿತ್ರಗಳನ್ನು ತಯಾರಿಸಿ ಕೂಡಿಟ್ಟ ಸಂಪಾದನೆ. ಮನೆಯವರನ್ನು ಬಿಟ್ಟು ನಗರಕ್ಕೆ ಬಂದ ವಿಶ್ವಂ ಮತ್ತು ಸೀತಾ ಎಂಬ ದಂಪತಿಗಳ ಕಥೆ ಅದು. ವಿಶ್ವಂನ ಕಾದಂಬರಿ ಅಚ್ಚಾಗುವುದಿಲ್ಲ. ಪಾಠಶಾಲೆಯ ಕೆಲಸ ನಿಲ್ಲುವುದಿಲ್ಲ. ಕೊನೆಗೆ ಮರದ ಕಾರ್ಖಾನೆಯಲ್ಲಿ, ಹೊರದಬ್ಬಲ್ಪಟ್ಟ ಇನ್ನೊಬ್ಬನ ಜಾಗದಲ್ಲಿ, ಗುಮಾಸ್ತನಾಗಿ ಕೂಡಬೇಕಾಗುತ್ತದೆ. ಮೂಲಧನವಿಲ್ಲದೆ ಸಂಸಾರ ಹೂಡಿದವರ ಈ ಕಥೆಯನ್ನು ಸಾಲದ ಹಣದಿಂದ ಸಂಸ್ಥೆ ಹೂಡಿದವರು ತೆಗೆದರೆಂಬುದು ಆಕಸ್ಮಿಕವೇ ಇರಬಹುದು. ಆದರೂ ಚಿತ್ರದ ಮಿತವ್ಯಯ, ಸದ್ದಿಲ್ಲದ ಎಚ್ಚರ, ಒಂದು ಅಡಿಯನ್ನೂ ವ್ಯರ್ಥಮಾಡದ ದೃಶ್ಯಸಂಯೋಜನೆ, ಇವುಗಳಲ್ಲಿ ಮರುಪಾವತಿಯ ದಿನವನ್ನು ಮರೆಯದವನ ಸ್ವಭಾವ ಎದ್ದು ಕಾಣುತ್ತದೆ.

ಮೊದಲ ಬಿಡುಗಡೆಯಲ್ಲಿ ಜನ ಬರಲಿಲ್ಲ. ಅತ್ಯುತ್ತಮ ಚಿತ್ರ, ನಿರ್ದೇಶನ, ನಟಿ, ಛಾಯಾಗ್ರಹಣ ಎಂಬ ನಾಲ್ಕು ರಾಷ್ಟ್ರಪ್ರಶಸ್ತಿಗಳು ಬಂದಮೇಲೆ ಮತ್ತೆ ತೆರೆಗೆ ತಂದಾಗ ಜನ ಬಂದರು, ಸಾಲ ತೀರಿತು. ಪ್ರಶಂಸಕರು ಇದನ್ನು ವಿಜಯವೆಂದು ಬರೆಯುತ್ತಾರೆ. ವಿಜಯವೇ ಸರಿ, ಆದರೆ ಸಾಲಕ್ಕೆ ನಿಜವಾದ ಜಾಮೀನುದಾರರು ಪ್ರೇಕ್ಷಕರಾಗಿರಲಿಲ್ಲ, ದೆಹಲಿಯ ತೀರ್ಪುಗಾರರ ಮಂಡಲಿಯಾಗಿತ್ತು. ಮಂಡಲಿಯ ಮನಸ್ಸು ಬೇರೆ ಕಡೆ ವಾಲಿದ್ದರೆ ಸಹಕಾರ ಸಂಘದ ಕಥೆ ಆ ವರ್ಷವೇ ಮುಗಿಯುತ್ತಿತ್ತೇನೋ. ಎರಡನೆಯ ಚಿತ್ರ 'ಕೊಡಿಯೇಟ್ಟಂ' ಮುಗಿಯುವಷ್ಟರಲ್ಲಿ 1977 ಆಯಿತು. 1981ರ 'ಎಲಿಪ್ಪತ್ತಾಯಂ' ಹೊತ್ತಿಗೆ ಅಡೂರರಿಗೆ ಹಣ ಹೂಡಿದವರು ಕೊಲ್ಲಂನ ಗೋಡಂಬಿ ಉದ್ಯಮಿ ಕೆ. ರವೀಂದ್ರನ್ ನಾಯರ್. ಉದಾರಿಯಾದ ಶ್ರೀಮಂತನೊಬ್ಬ ದೊರೆತದ್ದು ಕಲೆಗೆ ಲಾಭ, ಸಹಕಾರ ತತ್ತ್ವಕ್ಕೆ ಲಾಭವೆಂದು ಹೇಳಲಾಗದು.

ಇದಕ್ಕೆ ತೀರ ಬೇರೆಯಾದ ದಾರಿಯನ್ನು ಹಿಡಿದವರು ಜಾನ್ ಅಬ್ರಹಾಂ. ಪುಣೆಯಲ್ಲಿ ಋತ್ವಿಕ್ ಘಟಕರ ಶಿಷ್ಯರಾಗುವುದಕ್ಕೆ ಮುಂಚೆ ಜಾನ್ ನಮ್ಮ ಬಳ್ಳಾರಿಯಲ್ಲಿ ಜೀವ ವಿಮಾ ನಿಗಮದ ಕಚೇರಿಯಲ್ಲಿ ಕೆಲಸಕ್ಕಿದ್ದರೆಂಬುದನ್ನು ಕನ್ನಡಿಗರು ಅಷ್ಟಾಗಿ ನೆನೆಯುವುದಿಲ್ಲ. ಸಣ್ಣ ಕಂತುಗಳನ್ನು ಬಹುಜನರಿಂದ ಕೂಡಿಸಿ ದೊಡ್ಡ ನಿಧಿ ಮಾಡುವ ವಿದ್ಯೆಯನ್ನು ಅವರು ಅಲ್ಲಿಯೇ ಕಲಿತರೆಂದರೆ ಅದು ಹಾಸ್ಯದ ಮಾತಾದೀತು. ಆದರೆ 1984ರಲ್ಲಿ ಗೆಳೆಯರೊಡನೆ ಕೋಳಿಕ್ಕೋಡಿನಲ್ಲಿ ಕಟ್ಟಿದ ಒಡೆಸ್ಸಾ ಬಳಗದ ಕ್ರಮ ಬಹುಮಟ್ಟಿಗೆ ಅದೇ ಆಗಿತ್ತು. ನಿರ್ಮಾಪಕನಿಲ್ಲ, ಸಾಲವಿಲ್ಲ, ಲಾಭದ ಮಾತಿಲ್ಲ. ಬಳಗದವರು ಊರೂರಿಗೆ ಹೋದರು, ಬೀದಿನಾಟಕ ಆಡಿದರು, ಚಾಪ್ಲಿನ್ನನ 'ದಿ ಕಿಡ್' ಮೊದಲಾದ ಚಿತ್ರಗಳನ್ನು ತೋರಿಸಿದರು, ನೋಡಿದವರ ಮುಂದೆ ವಂತಿಗೆಗೆ ಕೈ ಚಾಚಿದರು. ಹೀಗೆ ಕೂಡಿದ ಹಣದಿಂದ 1986ರಲ್ಲಿ 'ಅಮ್ಮ ಅರಿಯಾನ್' ಸಿದ್ಧವಾಯಿತು. ಅದೇ ಊರುಗಳಿಗೆ ಹಿಂದಿರುಗಿ ತೆರೆಕಂಡಿತು.

ಈ ಚಿತ್ರದ ಕಥೆಯನ್ನು ಅದರ ಲೆಕ್ಕಪುಸ್ತಕದ ಪಕ್ಕದಲ್ಲಿಟ್ಟು ಓದಿದರೆ ಒಂದು ವಿಶೇಷ ಹೊಳೆಯುತ್ತದೆ. ದೆಹಲಿಗೆ ಹೊರಟ ಪುರುಷನ್ ಎಂಬ ತರುಣ ದಾರಿಯಲ್ಲಿ ನೇಣುಹಾಕಿಕೊಂಡವನೊಬ್ಬನ ಶವವನ್ನು ಕಾಣುತ್ತಾನೆ. ಅದು ಯಾರದೆಂದು ತಿಳಿಯಲು ಪರಿಚಿತರನ್ನು ಹುಡುಕುತ್ತಾನೆ. ಸತ್ತವನು ಹರಿ ಎಂದು ಗೊತ್ತಾದಮೇಲೆ, ಅವನ ತಾಯಿಗೆ ಸುದ್ದಿ ಮುಟ್ಟಿಸಲು ವಯನಾಡಿನಿಂದ ಕೊಚ್ಚಿಯವರೆಗೆ ಪ್ರಯಾಣ. ಪ್ರತಿ ಊರಿನಲ್ಲಿಯೂ ಒಂದು ಬಾಗಿಲು, ಬಾಗಿಲಲ್ಲಿ ಒಬ್ಬ ತಾಯಿ, ಅವಳ ಅಪ್ಪಣೆ ಪಡೆದು ಗುಂಪಿಗೆ ಸೇರುವ ಇನ್ನೊಬ್ಬ ಮಗ. ಕೊಚ್ಚಿ ಸೇರುವಷ್ಟರಲ್ಲಿ ಒಬ್ಬನಿದ್ದವನು ಗುಂಪಾಗಿದ್ದಾನೆ. ಬಾಗಿಲಿಂದ ಬಾಗಿಲಿಗೆ ನಡೆದು ಒಬ್ಬೊಬ್ಬರನ್ನೇ ಕೂಡಿಸಿಕೊಳ್ಳುವ ಈ ಕಥನಕ್ರಮ ವಂತಿಗೆ ಎತ್ತುವ ಕ್ರಮವಲ್ಲದೆ ಬೇರೆಯಲ್ಲ. ಹಣ ಕೊಟ್ಟವರ ಬಾಗಿಲೇ ಚಿತ್ರದ ಬಾಗಿಲಾಯಿತು. 'ಸ್ವಯಂವರಂ'ನಲ್ಲಿ ಹಣದ ಗುಣ ಶೈಲಿಯಲ್ಲಿ ಕಂಡರೆ ಇಲ್ಲಿ ಕೃತಿಯ ಅಸ್ಥಿಪಂಜರದಲ್ಲಿಯೇ ಕಾಣುತ್ತದೆ. ವೇಣು ಅವರ ಕಪ್ಪು-ಬಿಳುಪು ಛಾಯಾಗ್ರಹಣ ಈ ನಡಿಗೆಗೆ ಒದಗಿಸಿದ ಘನತೆ ಸಾಮಾನ್ಯವಾದುದಲ್ಲ.

ದೋಷಗಳನ್ನೂ ಮುಚ್ಚಬೇಕಾಗಿಲ್ಲ. ನಡುನಡುವೆ ಬರುವ ಮುಷ್ಕರಗಳ, ಹೋರಾಟಗಳ ದೀರ್ಘ ದೃಶ್ಯಗಳು ಕಥೆಯ ಓಟವನ್ನು ತಡೆಯುತ್ತವೆ. ದಾನಿಯೂ ಪ್ರೇಕ್ಷಕನೂ ಒಬ್ಬನೇ ಆದಾಗ, ಅವನು ಮೊದಲೇ ಒಪ್ಪಿದ ಮಾತನ್ನು ಅವನಿಗೇ ಮತ್ತೆ ಹೇಳುವ ಆಸೆ ಕಲಾವಿದನಲ್ಲಿ ಬೆಳೆಯುತ್ತದೆ. ಇನ್ನೂ ಗುರುತರವಾದ ದೋಷ ನಿಧಿಯದೇ. ಮರಳಿದ ಸಾಲವನ್ನು ಮತ್ತೊಬ್ಬನಿಗೆ ಕೊಡಬಹುದು. ವ್ಯಯವಾದ ವಂತಿಗೆ ಅಲ್ಲಿಗೇ ಮುಗಿಯಿತು. ಒಡೆಸ್ಸಾಕ್ಕೆ ಮೂಲನಿಧಿಯೆಂಬುದಿರಲಿಲ್ಲ, ಇದ್ದದ್ದು ಜಾನ್ ಒಬ್ಬರೇ. 1987ರ ಮೇ 31ರಂದು ಅವರು ಕೋಳಿಕ್ಕೋಡಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡರು. ಬಳಗ ಮುಂದೆ ಸಾಕ್ಷ್ಯಚಿತ್ರಗಳನ್ನು ತೆಗೆಯಿತಾದರೂ ಅಂಥ ಮತ್ತೊಂದು ಕಥಾಚಿತ್ರ ಅದರ ಹೆಸರಿನಲ್ಲಿ ಬರಲಿಲ್ಲ.

ಕನ್ನಡದಲ್ಲಿ ಬಹುಜನರ ಹಣದಿಂದ ಚಿತ್ರ ತೆಗೆದ ಪ್ರಸಿದ್ಧ ನಿದರ್ಶನ ಪವನ್ ಕುಮಾರರ 'ಲೂಸಿಯಾ' (2013). 2012ರಲ್ಲಿ ಇಪ್ಪತ್ತೇಳು ದಿನಗಳಲ್ಲಿ ನೂರಹತ್ತು ಮಂದಿ ಸುಮಾರು ಐವತ್ತು ಲಕ್ಷ ಕೂಡಿಸಿದರು. ಇದನ್ನು ಒಡೆಸ್ಸಾದ ತಮ್ಮನೆಂದು ಕರೆಯುವವರಿದ್ದಾರೆ. ಭಾಗಿಸಿ ನೋಡಿದರೆ ತಲೆಗೆ ಸರಾಸರಿ ನಲವತ್ತೈದು ಸಾವಿರ. ಕೊಟ್ಟವರು ಲಾಭದಲ್ಲಿ ಪಾಲುಗಾರರು. ಇದು ಷೇರು, ವಂತಿಗೆಯಲ್ಲ. ಬಾಂಧವ್ಯ ಇರಲಿಲ್ಲವೆಂದಲ್ಲ, ಆದರೆ ಬಾಂಧವ್ಯದ ಜಾತಿ ಬೇರೆ.

ಈಗ ಕೇರಳದಲ್ಲಿ ಆ ಎರಡು ದಾರಿಗಳ ಜಾಗವನ್ನು ಬಹುಮಟ್ಟಿಗೆ ಸರ್ಕಾರದ ನಿಧಿ ಹಿಡಿದಿದೆ. 1975ರಲ್ಲಿ ಸ್ಥಾಪಿತವಾದ ರಾಜ್ಯ ಚಲಚ್ಚಿತ್ರ ಅಭಿವೃದ್ಧಿ ನಿಗಮದ ಮೂಲಕ ಮಹಿಳಾ ನಿರ್ದೇಶಕರಿಗೂ ಪರಿಶಿಷ್ಟ ಜಾತಿ-ಪಂಗಡಗಳ ನಿರ್ದೇಶಕರಿಗೂ ಚಿತ್ರವೊಂದಕ್ಕೆ ಒಂದೂವರೆ ಕೋಟಿ ರೂಪಾಯಿ ಒದಗಿಸುವ ಯೋಜನೆ ನಡೆದಿದೆ. ತಾರಾ ರಾಮಾನುಜನ್ ಅವರ 'ನಿಷಿದ್ಧೊ', ಶ್ರುತಿ ಶರಣ್ಯಂ ಅವರ 'ಬಿ 32 ಮುದಲ್ 44 ವರೆ' ಇದರ ಫಲ. 2025ರ ಆಗಸ್ಟಿನಲ್ಲಿ ತಿರುವನಂತಪುರದ ಚಲಚ್ಚಿತ್ರ ನೀತಿ ಸಮಾವೇಶದಲ್ಲಿ ಅಡೂರರು ಈ ಮೊತ್ತ ಅಧಿಕವಾಯಿತೆಂದೂ, ಐವತ್ತು ಲಕ್ಷದಂತೆ ಮೂವರಿಗೆ ಹಂಚಬೇಕೆಂದೂ, ಹಣ ಪಡೆಯುವವರಿಗೆ ಮೊದಲು ತರಬೇತಿ ಬೇಕೆಂದೂ ಹೇಳಿದ್ದು ಸಭೆಯಲ್ಲಿಯೇ ಪ್ರತಿಭಟನೆಗೆ ಕಾರಣವಾಯಿತು. ಒಂದೂವರೆ ಲಕ್ಷದ ಸಾಲದಿಂದ ಬದುಕು ಕಟ್ಟಿದವರ ಬಾಯಲ್ಲಿ ಮಿತವ್ಯಯದ ಮಾತು ಸಹಜ. ಆದರೆ ತರಬೇತಿಯ ಷರತ್ತನ್ನು ಹಣವಿಲ್ಲದ ಸಮುದಾಯಗಳ ಮೇಲೆ ಮಾತ್ರ ಹೇರುವುದು ನ್ಯಾಯವಲ್ಲ. ಗೋಡಂಬಿ ವ್ಯಾಪಾರದ ಹಣ ಬಂದಾಗ ಅಂಥ ಷರತ್ತನ್ನು ಯಾರೂ ಕೇಳಲಿಲ್ಲ.

ವಾದ ಮೊತ್ತದ ಸುತ್ತ ತಿರುಗಿದ್ದರಿಂದ ಬೇರೊಂದು ಸಂಗತಿ ಮರೆಗೆ ಸರಿಯಿತು. ನಿಧಿ ಚಿತ್ರವನ್ನು ಹುಟ್ಟಿಸುತ್ತದೆ, ನಡೆಸುವುದಿಲ್ಲ. 'ಸ್ವಯಂವರಂ'ಗೆ ಪ್ರಶಸ್ತಿ ದಾರಿ ತೆರೆಯಿತು. 'ಅಮ್ಮ ಅರಿಯಾನ್' ಪ್ರೇಕ್ಷಕನನ್ನು ಮೊದಲೇ ಗಳಿಸಿಕೊಂಡು ಹುಟ್ಟಿತು. ನಿಗಮದ ಚಿತ್ರಗಳು ಈ ಎರಡು ಭಾಗ್ಯಗಳಿಗೂ ಕಾಯಬೇಕಾಗಿದೆ. 2024ರ ಮಾರ್ಚಿನಲ್ಲಿ ನಿಗಮವು ಸಿ-ಸ್ಪೇಸ್ ಎಂಬ ತನ್ನದೇ ಅಂತರ್ಜಾಲ ಪ್ರದರ್ಶನ ವ್ಯವಸ್ಥೆಯನ್ನು ಆರಂಭಿಸಿದ್ದು ಈ ಕೊರತೆಯನ್ನು ಅರಿತೇ ಇರಬೇಕು. ಕರ್ನಾಟಕದ ಸಹಾಯಧನದ ಚಿತ್ರಗಳ ಪಾಡು ಇದಕ್ಕಿಂತ ಮೇಲಲ್ಲ. ಹಣ ಪಡೆದು, ಒಂದೆರಡು ಉತ್ಸವಗಳಲ್ಲಿ ಕಾಣಿಸಿಕೊಂಡು, ಮತ್ತೆ ಡಬ್ಬಿಯೊಳಗೆ ಸೇರಿದವು ಹಲವು.

ಹೊರನಾಡಿನ ಕನ್ನಡ ಸಂಘಗಳಿಗೆ ವಂತಿಗೆ ಎತ್ತುವುದು ಹೊಸ ವಿದ್ಯೆಯಲ್ಲ. ರಾಜ್ಯೋತ್ಸವಕ್ಕೂ ಯಕ್ಷಗಾನಕ್ಕೂ ರಸೀತಿ ಪುಸ್ತಕ ಹಿಡಿದು ಮನೆಮನೆಗೆ ನಡೆದ ಕಾಲುಗಳು ಅಲ್ಲಿವೆ. ಚಿತ್ರವನ್ನೇ ತಯಾರಿಸುವ ಸಾಹಸ ಸದ್ಯಕ್ಕಿರಲಿ. ಒಂದು ಸಭಾಂಗಣದ ಬಾಡಿಗೆ, ಪ್ರದರ್ಶನದ ಹಕ್ಕಿಗೆ ನಿರ್ಮಾಪಕನಿಗೆ ಸಲ್ಲಬೇಕಾದ ಹಣ, ನಿರ್ದೇಶಕನ ರೈಲು ಪ್ರಯಾಣದ ವೆಚ್ಚ, ಇಷ್ಟನ್ನು ಮೂರು ತಿಂಗಳಿಗೊಮ್ಮೆ ಒದಗಿಸುವುದಕ್ಕೆ ಐವತ್ತು ಮನೆಗಳ ವಂತಿಗೆ ಸಾಕಾಗುತ್ತದೆ.